ಬಿಸಿಲು ಕಾಣದ ಮನೆಯ ಶೇಖರಮ್ಮ

ನಮ್ಮ ಶಾಲೆಗೆ ಮುಖ್ಯಗುರು ನಾನೇ ಎಂದು ಗೋಡೆಯ ಮೇಲಿನ ಹಲಗೆ ಹೇಳುತ್ತದೆ. ಹಲಗೆಯ ಮಾತು ನಂಬಬೇಡಿ. ಯಲಬುರ್ಗಾದ ಈ ಸರಕಾರಿ ಶಾಲೆಯನ್ನು ಎಷ್ಟೋ ವರ್ಷ ನಡೆಸಿದವಳು ಬಿಸಿಯೂಟದ ಅಡುಗೆಯ ಶೇಖರಮ್ಮ. ಬೆಳಿಗ್ಗೆ ಅಡುಗೆ ಕೋಣೆಯ ಬೀಗ ತೆಗೆಯುತ್ತಲೇ ಆಕೆಯ ಗಂಟಲೂ ತೆರೆಯುತ್ತಿತ್ತು. ಯಾವ ಹುಡುಗ ಉಂಡಿಲ್ಲ, ಯಾವ ಹುಡುಗಿಯ ತಲೆಯಲ್ಲಿ ಹೇನಾಗಿವೆ, ಯಾವ ಮಾಸ್ತರ ತಡವಾಗಿ ಬಂದ, ಎಲ್ಲಕ್ಕೂ ಅಲ್ಲೇ ವಿಚಾರಣೆ. ನಾನೂ ಬೈಸಿಕೊಂಡವನೇ. ಒಮ್ಮೆ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದೆ. "ನಿಮ್ಮ ಮನ್ಯಾಗಿನ ಸಿಟ್ಟು ನನ್ನ ಸಾರಿನ ಮ್ಯಾಲೆ ಯಾಕ ತೀರಸ್ಕೋತೀರಿ ಮಾಸ್ತರ?" ಎಂದಳು. ನಮ್ಮಿಬ್ಬರ ಮನೆಗಳಿಗೆ ನಡುವೆ ಒಂದೇ ಗೋಡೆ. ಆ ಮುಂಜಾನೆ ಗೋಡೆಯಾಚೆ ಆಕೆಗೆ ಏನೇನು ಕೇಳಿಸಿತ್ತೋ. ಅವತ್ತಿನಿಂದ ನಾನು ಉಪ್ಪಿನ ಸುದ್ದಿ ಎತ್ತಿಲ್ಲ.

ಗಟ್ಟಿ ಜೀವ ಆಕೆಯದು. ಆಗಬೇಕಾದದ್ದೂ ಹಾಗೇ. ಆಕೆಯ ತಾಯಿ ತೀರಿಕೊಂಡಾಗ ತಮ್ಮ ದೊಡ್ಡಬಸಪ್ಪ ಇನ್ನೂ ಚಡ್ಡಿ ಹಾಕಲು ಕಲಿಯುತ್ತಿದ್ದ. ಮದುವೆಯಾಗಿ ಗಂಡನ ಮನೆಗೆ ಬರುವಾಗ ಭಾಂಡೆ ಸಾಮಾನಿನ ಜೊತೆಗೆ ತಮ್ಮನನ್ನೂ ಕಂಕುಳಲ್ಲಿ ಎತ್ತಿಕೊಂಡು ಬಂದಳು. "ಇವನನ್ನ ಬಿಟ್ಟು ನಾ ಬರಂಗಿಲ್ಲ, ಬೇಕಾದ್ರ ಲಗ್ನ ಮುರೀರಿ" ಎಂದು ಹಂದರದಲ್ಲೇ ಹೇಳಿದ್ದಳಂತೆ. ಗಂಡ ಒಳ್ಳೆಯವನು, ಒಪ್ಪಿದ. ಮಗಳು ಲಲಿತಾ ಹುಟ್ಟಿ ನಡೆಯಲು ಕಲಿಯುವುದರೊಳಗೆ ಆ ಒಳ್ಳೆಯವನು ಎದೆನೋವು ಬಂದು ಹೋಗಿಬಿಟ್ಟ. ಶೇಖರಮ್ಮ ಮಗಳನ್ನೂ ತಮ್ಮನನ್ನೂ ಒಂದೇ ಗಂಗಾಳದಲ್ಲಿ ಉಣಿಸಿ ಬೆಳೆಸಿದಳು. ದೊಡ್ಡಬಸಪ್ಪ ಓದಿ ಬಸ್ಸಿನ ಕಂಡಕ್ಟರ್ ಆದ.

ಲಲಿತಾಳಿಗೆ ಹದಿನೆಂಟು ತುಂಬಿದ ಕೂಡಲೇ ಶೇಖರಮ್ಮ ಆಕೆಯನ್ನು ಆ ತಮ್ಮನಿಗೇ ಕೊಟ್ಟು ಮದುವೆ ಮಾಡಿದಳು. ನಮ್ಮ ಕಡೆ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಅಕ್ಕನ ಮಗಳ ಮೇಲೆ ಸೋದರಮಾವನದೇ ಮೊದಲ ಹಕ್ಕು. ಹೊರಗೆ ಕೊಟ್ಟರೇ ಮಂದಿ, ಯಾಕೆ, ಮಾವನಿಗೇನಾಗಿತ್ತು ಎಂದು ಕೇಳುತ್ತಾರೆ. "ತಮ್ಮನೂ ಮನ್ಯಾಗ ಉಳದ, ಮಗಳೂ ಮನ್ಯಾಗ ಉಳದ್ಳು. ನನ್ನಂಥ ಶಾಣ್ಯಾಕಿ ಈ ಓಣ್ಯಾಗ ಯಾರದಾರ ತೋರಸ್ರಿ" ಎಂದು ಶೇಖರಮ್ಮ ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಕೇಳಿದಳು. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಇಲ್ಲವೆನ್ನುವವರು ಯಾರು? ಇಡೀ ಓಣಿ ಹೌದೆಂದಿತು.

ವರ್ಷ ತುಂಬುವುದರೊಳಗೆ ಅನುಷಾ ಹುಟ್ಟಿದಳು. ಕೂಸಿಗೆ ಎಣ್ಣೆ ತಿಕ್ಕಿ, ಎರೆದು, ಎಳೆಬಿಸಿಲಿಗೆ ಮಲಗಿಸುವುದು ಎಲ್ಲ ಬಾಣಂತಿ ಮನೆಗಳಲ್ಲೂ ಇರುವುದೇ. ಎಲುಬು ಗಟ್ಟಿಯಾಗುತ್ತವೆ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಶೇಖರಮ್ಮ ಅಂಗಳದಲ್ಲಿ ಚಾಪೆ ಹಾಸಿ ಮೊಮ್ಮಗಳನ್ನು ಮಲಗಿಸಿ, ನೊಣ ಹೊಡೆಯುತ್ತ ಪಕ್ಕದಲ್ಲೇ ಕೂರುತ್ತಿದ್ದಳು. ಸಂಜೆಯಾಗುವುದರೊಳಗೆ ಕೂಸಿನ ಮೈಯೆಲ್ಲ ಕೆಂಪಗಾಗಿ ಬೊಬ್ಬೆ ಏಳುತ್ತಿತ್ತು. ಎಣ್ಣೆ ಕಾವಾಗಿದೆ ಎಂದು ಆಕೆ ಕೊಬ್ಬರಿ ಎಣ್ಣೆ ಬಿಟ್ಟು ಎಳ್ಳೆಣ್ಣೆ ಹಿಡಿದಳು, ಎಳ್ಳೆಣ್ಣೆ ಬಿಟ್ಟು ಬೆಣ್ಣೆ ಹಿಡಿದಳು. ಬೆಣ್ಣೆ ಹಚ್ಚಿ ಮತ್ತೆ ಬಿಸಿಲಿಗೇ ಹಾಕಿದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಯಿತು ಅದು. ಬಿಸಿಲನ್ನೇ ಸಂಶಯಪಡಬೇಕು ಎಂದು ಯಾರ ತಲೆಗೆ ಹೊಳೆಯಬೇಕು? ಕಪ್ಪು ಎರೆ ಮಣ್ಣಿನ ಈ ನಾಡಿನಲ್ಲಿ ಗಿಡಮರ ಕಡಿಮೆ, ಬಿಸಿಲೇ ಎಲ್ಲರ ಮನೆಯ ಮಗ.

ಎರಡು ವರ್ಷಕ್ಕೆ ಹುಡುಗಿಯ ಮುಖದ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಎದ್ದವು. ಬೆಳಕಿಗೆ ಕಣ್ಣು ತೆರೆಯಲೊಲ್ಲಳು, ನೀರು ಸುರಿಯುತ್ತಿತ್ತು. ಐದನೆಯ ವರ್ಷದಲ್ಲಿ ಮೂಗಿನ ತುದಿಗೆ ಗಂಟಾಗಿ, ಅದು ಒಡೆದು ರಕ್ತ ಬಂತು. ಕೊಪ್ಪಳದ ಡಾಕ್ಟರು ನೋಡಿದವರೇ ಹುಬ್ಬಳ್ಳಿಗೆ ಕಳಿಸಿದರು. "ಅಲ್ಲಿ ಇಂಗ್ಲೀಷಿನ್ಯಾಗ ಹೇಳತಾರಂತ, ನೀವು ಬರ್ರಿ ಮಾಸ್ತರ" ಎಂದು ಶೇಖರಮ್ಮ ನನ್ನನ್ನೂ ಎಬ್ಬಿಸಿಕೊಂಡು ಹೊರಟಳು. ದೊಡ್ಡಬಸಪ್ಪ, ಲಲಿತಾ, ಮಡಿಲಲ್ಲಿ ಅನುಷಾ, ಶೇಖರಮ್ಮ, ನಾನು. ಬಿಸಿಲು ಬೀಳದ ಕಡೆಯ ಸೀಟು ಯಾವುದೆಂದು ಅವತ್ತು ಯಾರೂ ನೋಡಲಿಲ್ಲ.

ಅಲ್ಲಿನ ಚರ್ಮದ ಡಾಕ್ಟರು ಜರೀನಾ ಎಂಬ ಹೆಣ್ಣುಮಗಳು. ಇಂಗ್ಲೀಷೇನೂ ಆಡಲಿಲ್ಲ, ನಮ್ಮಂತೆಯೇ ಮಾತಾಡಿದರು. ಮೂಗಿನ ಗಂಟು ಕ್ಯಾನ್ಸರ್ ಎಂದರು. ಐದು ವರ್ಷದ ಕೂಸಿಗೆ! ಕಾಯಿಲೆಯ ಹೆಸರು ಕ್ಸೀರೋಡರ್ಮಾ ಪಿಗ್ಮೆಂಟೋಸಮ್ ಎಂದರು. ವಿಜ್ಞಾನ ಕಲಿಸುವ ನನ್ನ ಬಾಯಲ್ಲೂ ಅದು ಒಮ್ಮೆಗೇ ಹೊರಳಲಿಲ್ಲ.

"ಬಿಸಿಲಿನ್ಯಾಗ ಕಣ್ಣಿಗೆ ಕಾಣದಂಥಾ ಒಂದು ಕಿರಣ ಐತ್ರಿ" ಎಂದು ಜರೀನಾ ನಿಧಾನಕ್ಕೆ ಹೇಳಿದರು. "ನಮ್ಮ ಚರ್ಮದ ಒಂದೊಂದು ಜೀವಕೋಶದೊಳಗೂ ಡಿಎನ್‌ಎ ಅಂತ ಜೋಡಿ ಎಳಿ ಇರತಾವ. ಆ ಕಿರಣ ಹೋಗಿ ಎಳಿಗೆ ಪೆಟ್ಟು ಕೊಡತೈತಿ. ನನಗೂ ಕೊಡತೈತಿ, ನಿಮಗೂ ಕೊಡತೈತಿ, ದಿನಾ. ಆದ್ರ ಕೋಶದೊಳಗ ದುರಸ್ತಿ ಮಾಡೋ ಒಂದು ಗುಂಪು ಐತಿ. ಅದು ಪೆಟ್ಟು ಬಿದ್ದ ತುಂಡು ಕತ್ತರಿಸಿ ತಗದು, ಎದುರಿನ ಎಳಿ ನೋಡಿ ಹೊಸ ತುಂಡು ಕೂಡಸತೈತಿ. ಈ ಹುಡುಗಿಗೆ ಆ ಗುಂಪಿನ್ಯಾಗ ಒಬ್ಬ ಕೆಲಸದಾಂವ ಹುಟ್ಟಿಂದಾನೂ ಇಲ್ಲ."

ಶೇಖರಮ್ಮ ನನ್ನ ಮುಖ ನೋಡಿದಳು. ನಾನು ನನಗೆ ತಿಳಿದ ಹಾಗೆ ಹೇಳಿದೆ. "ನಿಮ್ಮಪ್ಪನ ಹೊಲ ನೆನಸ್ಕೋರಿ. ಜೋರು ಮಳಿ ಬಂದಾಗೆಲ್ಲ ಒಡ್ಡು ಒಡೀತೈತಿ. ಆಳು ಹೋಗಿ ಮಣ್ಣು ಹಾಕತಾನ, ಹೊಲ ಉಳೀತೈತಿ. ಆ ಆಳೇ ಇಲ್ಲ ಅಂದ್ರ?"

"ಕೊಚ್ಚಿಕೊಂಡು ಹೋಗತೈತಿ."

"ಅಷ್ಟಽ ಆದ್ರ ಕೋಶ ಸಾಯತಿತ್ತು, ಅದು ಹೋಗ್ಲಿ ಅಂತಿದ್ವಿ" ಎಂದರು ಜರೀನಾ. "ಎಲ್ಲಾ ಕೋಶ ಸಾಯೂದಿಲ್ಲ. ಕೆಲವು ತಪ್ಪು ಎಳಿನ ಇಟ್ಕೊಂಡು ಬೆಳೀತಾವ. ಯಾವಾಗ ನಿಲ್ಲಬೇಕು ಅಂತ ಹೇಳೋ ಭಾಗಕ್ಕಽ ಒಂದಿನ ಪೆಟ್ಟು ಬೀಳತೈತಿ. ಆಮ್ಯಾಲೆ ಅದು ನಿಲ್ಲಂಗೇ ಇಲ್ಲ. ಅದಽ ಕ್ಯಾನ್ಸರ್."

ಶೇಖರಮ್ಮ ಕೇಳಿದಳು. "ಆ ಆಳನ್ನ ಹಚ್ಚೂಣಲ್ರಿ ಡಾಕ್ಟರವ್ವಾ. ಎಲ್ಲಿ ಸಿಗತಾನ ಹೇಳ್ರಿ."

"ಎಲ್ಲೂ ಸಿಗೂದಿಲ್ಲ ಅಮ್ಮಾ. ಬಿಸಿಲು ಬೀಳದಂಗ ನೋಡ್ಕೋಬೇಕು. ಗಂಟು ಎದ್ದಾಗೆಲ್ಲ ತಗೀಬೇಕು. ಅಷ್ಟಽ ನಮ್ಮ ಕೈಯಾಗ ಇರೋದು."

ಆಮೇಲೆ ಜರೀನಾ ಒಂದು ಹಾಳೆಯಲ್ಲಿ ಗೆರೆ ಎಳೆದು ಮನೆತನದ ಚಿತ್ರ ಬರೆದರು. ತಂದೆ ಕಡೆಯಿಂದ ಒಂದು, ತಾಯಿ ಕಡೆಯಿಂದ ಒಂದು ಎಂದು ಪ್ರತಿ ವಂಶವಾಹಿಯೂ ಎರಡೆರಡು ಬರುತ್ತವೆ. ಒಂದು ಕೆಟ್ಟು ಒಂದು ಚೆನ್ನಾಗಿದ್ದರೆ ಕೆಲಸ ನಡೆಯುತ್ತದೆ, ಆ ಮನುಷ್ಯನಿಗೆ ಏನೂ ಗೊತ್ತೇ ಆಗುವುದಿಲ್ಲ. ಎರಡೂ ಕೆಟ್ಟದ್ದೇ ಬಂದರೆ ಮಾತ್ರ ಹೀಗೆ. ಶೇಖರಮ್ಮನ ತಂದೆಗೋ ತಾಯಿಗೋ ಒಂದು ಕೆಟ್ಟದ್ದಿತ್ತು. ಅದು ಮಗ ದೊಡ್ಡಬಸಪ್ಪನಿಗೂ ಬಂತು, ಮಗಳು ಶೇಖರಮ್ಮನಿಗೂ ಬಂತು, ಶೇಖರಮ್ಮನಿಂದ ಲಲಿತಾಳಿಗೆ ಹೋಯಿತು. ಹೊರಗಿನ ಹೆಣ್ಣಾಗಿದ್ದರೆ ಇಂಥದ್ದೇ ಕೆಟ್ಟದ್ದು ಎದುರಾಗುವುದು ಬಹಳ ಅಪರೂಪ. ಮಾವ ಅಕ್ಕನ ಮಗಳನ್ನು ತಂದುಕೊಂಡಾಗ ಎರಡೂ ಒಂದೇ ಮನೆಯಲ್ಲಿ ಭೇಟಿಯಾದವು. ಹಾಳೆಯ ಮೇಲೆ ಎರಡು ಗೆರೆಗಳು ಹೋಗಿ ಅನುಷಾಳ ಹೆಸರಿಗೆ ಕೂಡಿದ್ದವು. ಅದರಲ್ಲಿ ಒಂದು ಗೆರೆ ಶೇಖರಮ್ಮನ ಹೆಸರನ್ನು ಹಾದು ಬಂದಿತ್ತು.

"ಅಂದ್ರ ನನ್ನ ಮೈ ದಾಟಿ ಹೋಗೈತಿ ಇದು."

"ನಿಮ್ಮ ತಪ್ಪಲ್ಲ ಅಮ್ಮಾ."

"ತಪ್ಪು ಯಾರದಂತ ಕೇಳಲಿಲ್ರಿ. ಬಂದ ದಾರಿ ಕೇಳಿದೆ."

ಹೊರಡುವಾಗ ಜರೀನಾ ಲಲಿತಾಳ ಕೈ ಹಿಡಿದು ಒಂದು ಮಾತು ಹೇಳಿದರು. "ಮುಂದ ಒಂದು ತಿಂಗಳು ಮುಟ್ಟು ತಪ್ಪಿದ್ರ ಸೈತ ಕೂಡಲೇ ಬರಬೇಕು. ಪ್ರತಿ ಸಲ ನಾಲ್ಕರಾಗ ಒಂದು ಪಾಲು ಹಿಂಗ ಆಗೋ ಸಾಧ್ಯತೆ ಐತಿ. ಹೊಟ್ಟ್ಯಾಗಿದ್ದಾಗಽ ಪರೀಕ್ಷೆ ಮಾಡಿ ತಿಳಕೋಬಹುದು. ತಡಾ ಮಾಡಬ್ಯಾಡ್ರಿ." ಲಲಿತಾ ತಲೆಯಾಡಿಸಿದಳು. ಶೇಖರಮ್ಮನೂ ಆಡಿಸಿದಳು.

ಅಲ್ಲಿಂದ ಆ ಮನೆಯಲ್ಲಿ ಬಿಸಿಲಿನ ಮೇಲೆ ಯುದ್ಧ ಸುರುವಾಯಿತು. ಕಿಟಕಿಗಳಿಗೆ ಕಪ್ಪು ಹಾಳೆ, ಅದರ ಮೇಲೆ ದಪ್ಪ ಪರದೆ. ಗೋಡೆಯ ಬಿರುಕುಗಳಿಗೆ ಸಿಮೆಂಟು. ತಗಡಿನ ಚಾವಣಿಯಲ್ಲಿ ಒಂದು ಮೊಳೆಯ ತೂತಿತ್ತು, ಅದರಿಂದ ಒಳಗೆ ಬೀಳುವ ಕಾಸಿನಗಲ ಬೆಳಕನ್ನು ನೋಡಿ ದೊಡ್ಡಬಸಪ್ಪ ಮೇಲೆ ಹತ್ತಿ ಡಾಂಬರು ಬಳಿದ. ಅನುಷಾ ಹೊರಗೆ ಬರುವಾಗ ಕೈಗವಸು, ಕಪ್ಪು ಕನ್ನಡಕ, ಎದೆಯವರೆಗೆ ಇಳಿಯುವ ಮುಸುಕು. ಬಿಸಿಲು ತಾಗದ ಮೈಯ ಎಲುಬು ಗಟ್ಟಿಯಾಗಲೆಂದು ಡಾಕ್ಟರು ಕೊಟ್ಟ ಮಾತ್ರೆಯನ್ನು ಹುಡುಗಿ ಬಿಸಿಲಿನ ಗುಳಿಗೆ ಎಂದು ಕರೆಯುತ್ತಿದ್ದಳು. ಶಾಲೆಗೆ ಸೇರಿಸಿದಾಗ ಹುಡುಗರು ಗುಮ್ಮ ಬಂತು ಎಂದರು. ಶೇಖರಮ್ಮ ಸಾರಿನ ಸೌಟು ಹಿಡಿದುಕೊಂಡೇ ತರಗತಿಗೆ ನುಗ್ಗಿದಳು, ಆಮೇಲೆ ಯಾರೂ ಅನ್ನಲಿಲ್ಲ. ಆಡಲು ಕರೆಯಲೂ ಇಲ್ಲ.

ಇಷ್ಟು ಮಾಡಿದರೂ ಗಂಟುಗಳು ಏಳುತ್ತಲೇ ಇದ್ದವು. ಒಂದು ಕೆಳರೆಪ್ಪೆಯ ಹತ್ತಿರ, ಒಂದು ತುಟಿಯ ಮೇಲೆ. ಈಗ ಬಿಸಿಲಿಗೆ ಬಿಡುತ್ತಿಲ್ಲವಲ್ಲ ಎಂದು ಶೇಖರಮ್ಮ ಜಗಳಕ್ಕೇ ನಿಂತಳು. ಮೊದಲ ಐದು ವರ್ಷ ಬಿದ್ದ ಬಿಸಿಲು ಒಳಗೆ ಇದ್ದೇ ಇದೆ, ಅದರ ಪೆಟ್ಟು ಈಗ ಮೇಲೆ ಬರುತ್ತಿದೆ ಎಂದರು ಜರೀನಾ. ಅಂಗಳದ ಚಾಪೆಯ ನೆನಪು ಆಕೆಗೆ ಆಗಲೇ ಬಂದಿರಬೇಕು. ತಿರುಗಿ ಬರುವ ಬಸ್ಸು ಕುಕನೂರು ದಾಟಿದ ಮೇಲೆ ಹೇಳಿದಳು. "ಅಕಿ ಅಳತಿದ್ಳು ಮಾಸ್ತರ. ನಾ ಅಳಾಕ ಬಿಟ್ಟು ಬಿಸಿಲಾಗ ಹಿಡಕೊಂಡು ಕುಂತಿದ್ದೆ."

ಗಂಟಲು ಇಳಿಯಿತು ಆಕೆಯದು. ಅಡುಗೆ ಕೋಣೆ ಸದ್ದಿಲ್ಲದೆ ನಡೆಯತೊಡಗಿತು, ತಡವಾಗಿ ಬರುವ ಮಾಸ್ತರರಿಗೆ ಹಬ್ಬ. ಯಾರದೋ ಮನೆಯಲ್ಲಿ ಅಕ್ಕನ ಮಗಳ ಮಾತು ನಡೆದಿದೆ ಎಂದು ಕೇಳಿದರೆ ಮಾತ್ರ ಎದ್ದು ಹೋಗುತ್ತಿದ್ದಳು. "ಬ್ಯಾಡ್ರೆವ್ವಾ, ದೂರದ್ದು ನೋಡ್ರಿ" ಎನ್ನುತ್ತಿದ್ದಳು. "ನೀ ಮಾಡೂಮುಂದ ಛಲೋ ಇತ್ತು, ನಾವು ಮಾಡೂಮುಂದ ಕೆಟ್ಟತೇನು?" ಎಂದು ಅವರು ನಗುತ್ತಿದ್ದರು. ಮಾವನನ್ನು ಮದುವೆಯಾದ ಹತ್ತು ಮಂದಿಯನ್ನು ಬೆರಳು ಮಾಡಿ ತೋರಿಸುತ್ತಿದ್ದರು, ಎಲ್ಲರ ಮಕ್ಕಳೂ ಗುಂಡುಕಲ್ಲಿನಂತೆ ಇದ್ದವು. ಅದೂ ನಿಜವೇ. ಆಕೆ ವಾಪಸು ಬರುತ್ತಿದ್ದಳು.

ಅನುಷಾಳಿಗೆ ಒಂಬತ್ತು ನಡೆಯುತ್ತಿದ್ದಾಗ ಲಲಿತಾ ಮತ್ತೆ ಬಸುರಾದಳು.

ಇಲ್ಲಿ ನನಗೆ ಇಂದಿಗೂ ಸಿಟ್ಟು ಬರುತ್ತದೆ. ನಮ್ಮ ಕಡೆ ಐದು ತಿಂಗಳು ತುಂಬುವ ತನಕ ಬಸಿರಿನ ಮಾತು ಬಾಯಲ್ಲಿ ಆಡುವುದಿಲ್ಲ. ಆಡಿದರೆ ಕಣ್ಣು ತಾಗುತ್ತದೆ, ನಿಲ್ಲುವುದಿಲ್ಲ. ಹೆತ್ತ ತಾಯಿಗೂ ಬಾಯಿಬಿಟ್ಟು ಹೇಳುವುದಿಲ್ಲ, ತಾಯಿಯೂ ಕೇಳುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರಬೇಕು. ಲಲಿತಾಳಿಗೆ ಇದನ್ನು ಹರೆಯಕ್ಕೆ ಬಂದಾಗಿನಿಂದ ಕಲಿಸಿದವಳು ಶೇಖರಮ್ಮನೇ. ಲಲಿತಾ ಹೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಒಗ್ಗರಣೆಯ ವಾಸನೆಗೆ ಮಗಳು ಎದ್ದು ಹೋದ ದಿನವೇ ಶೇಖರಮ್ಮನಿಗೆ ತಿಳಿದಿತ್ತು. ಅವಳೂ ಕೇಳಲಿಲ್ಲ. ತಾಯಿ ಮಗಳು ಮಾತಾಡಿಕೊಂಡಿರುತ್ತಾರೆ ಎಂದು ದೊಡ್ಡಬಸಪ್ಪ ಸುಮ್ಮನಿದ್ದ. ಅದೇ ಕತ್ತಲೆ ಮನೆಯಲ್ಲಿ ಮೂವರೂ ಒಬ್ಬರ ಎದುರು ಒಬ್ಬರು ಕೂತು ರೊಟ್ಟಿ ಮುರಿಯುತ್ತ ಐದು ತಿಂಗಳು ಕಳೆದರು.

ಐದು ತುಂಬಿದ ಮೇಲೆ ಶೇಖರಮ್ಮ ಒಂದು ತಾಟಿನಲ್ಲಿ ಬೆಲ್ಲದ ಸಿಹಿ ಮಾದಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಮಾಸ್ತರ, ನಮ್ಮ ಲಲಿತಾ ಬಸರಿ ಅದಾಳ್ರಿ."

ಎಷ್ಟು ತಿಂಗಳು ಎಂದು ಕೇಳಿ, ಉತ್ತರ ಕೇಳಿದ ಮೇಲೆ ನಾನು ಕೂಗಾಡಿದೆ. ಡಾಕ್ಟರು ಕೈ ಹಿಡಿದು ಹೇಳಿದ್ದರಲ್ಲ, ನಿಮಗೇನು ಬುದ್ಧಿ ಇದೆಯೋ ಇಲ್ಲವೋ ಎಂದೆ. ಆಕೆ ಎದುರಾಡಲಿಲ್ಲ. ಅದು ಆಕೆಯ ಸ್ವಭಾವವಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ದಿನಾ ಬಾಯಿತನಾ ಬರತಿತ್ರಿ" ಎಂದಳು. "ಕೇಳಬೇಕು, ಕರಕೊಂಡು ಹೋಗಬೇಕು ಅಂತ. ನಾ ಅಂದುಬಿಟ್ಟು, ನನ್ನ ನಾಲಗಿಯಿಂದಽ ಆ ಕೂಸಿಗೆ ಏನರ ಆದ್ರ? ಮೊದಲಿಂದು ನನ್ನಿಂದ ಆತು. ಇದೂ ನನ್ನಿಂದ ಆಗಬೇಕೇನ್ರಿ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಮಾದಲಿ ತಾಟು ಇಸಿದುಕೊಂಡು ಒಳಗಿಟ್ಟೆ.

ಮರುದಿನವೇ ಹುಬ್ಬಳ್ಳಿಗೆ ಹೋದೆವು. ಜರೀನಾ ಬಯ್ಯಲಿಲ್ಲ. ಹೊಟ್ಟೆಯಲ್ಲಿ ಕೂಸಿನ ಸುತ್ತಲಿನ ನೀರು ತೆಗೆದು ಪರೀಕ್ಷೆಗೆ ಕಳಿಸಬಹುದು, ಉತ್ತರ ಬರುವುದರೊಳಗೆ ಆರು ತಿಂಗಳಾಗಿರುತ್ತದೆ ಎಂದರು. "ಆವಾಗ ಉತ್ತರ ನೋಡಿ, ಮುಂದೇನು ಮಾಡಬೇಕಂತ ವಿಚಾರ ಮಾಡೋದು ಭಾಳ ಕಷ್ಟದ ಮಾತು. ನಿಮಗ ಹೆಂಗ ಅನಸತೈತಿ?" ದೊಡ್ಡಬಸಪ್ಪ ಅಕ್ಕನ ಮುಖ ನೋಡಿದ. ಆ ಮನೆಯಲ್ಲಿ ಯಾವ ನಿರ್ಧಾರವಿದ್ದರೂ ಆಕೆಯದೇ. ಶೇಖರಮ್ಮ ನೆಲ ನೋಡಿದಳು. ಕೊನೆಗೆ, ಯಾವತ್ತೂ ದನಿ ಎತ್ತದ ಲಲಿತಾ ಮಾತಾಡಿದಳು. "ಈಗ ಒದೀತೈತ್ರಿ. ಹಡೀತೀನಿ."

ಅಲ್ಲಿಗೆ ಆ ಮಾತು ಮುಗಿಯಿತು. ಹುಟ್ಟಿದ ಕೂಡಲೇ ಕೂಸಿನ ರಕ್ತ ಕಳಿಸುವುದು, ಉತ್ತರ ಬರುವ ತನಕ ಅನುಷಾಳನ್ನು ಇಟ್ಟಂತೆಯೇ ಬೆಳಕಿನಿಂದ ದೂರ ಇಡುವುದು ಎಂದು ಆಯಿತು.

ಶೇಖರಮ್ಮ ತಿರುಗಿ ಬರುವಾಗ ಸ್ವಲ್ಪ ಗೆಲುವಾಗಿದ್ದಳು. ತನ್ನದೇ ಲೆಕ್ಕ ಒಂದು ಹಾಕಿಕೊಂಡಿದ್ದಳು. "ನಾಲ್ಕರಾಗ ಒಂದು ಅಂದ್ರಲ್ರಿ ಮಾಸ್ತರ. ಆ ಒಂದು ಅನುಷಾ ಆಗಿ ಹೋತು. ಇನ್ನ ಮೂರು ಛಲೋ ಇರಬೇಕಲ್ಲ?" ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಮಾಸ್ತರಿಕೆ ಬಿಡುವುದಿಲ್ಲವಲ್ಲ. ಹಾಗಲ್ಲ, ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿದಂತೆ, ಹಿಂದಿನದು ಲೆಕ್ಕಕ್ಕಿಲ್ಲ ಎಂದೆ. "ನಿಮ್ಮ ಲೆಕ್ಕಕ್ಕ ಬೆಂಕಿ ಹಚ್ಚರಿ" ಎಂದು ಮುಖ ತಿರುಗಿಸಿದಳು.

ಆ ತಿಂಗಳುಗಳಲ್ಲಿ ಆಕೆ ಹೊತ್ತುಕೊಳ್ಳದ ಹರಕೆ ಇಲ್ಲ. ಸೋಮವಾರ ಉಪವಾಸ, ಗುರುವಾರ ದರ್ಗಾಕ್ಕೆ ಸಕ್ಕರೆ. ಎಲ್ಲ ದೇವರಿಗೂ ಒಂದೇ ಬೇಡಿಕೆ: ಇದೊಂದು ಕೂಸು ಹೊರಗೆ ಆಡುವಂತಾಗಲಿ. ಅದೇ ಮನೆಯಲ್ಲಿ ಇನ್ನೊಂದು ಬೇಡಿಕೆಯೂ ನಡೆದಿತ್ತು. ಅದು ನನಗೊಬ್ಬನಿಗೆ ಗೊತ್ತಾಯಿತು.

ತರಗತಿಯಲ್ಲಿ ಅನುಷಾ ಕಿಟಕಿಯಿಂದ ದೂರದ ಮೂಲೆಯಲ್ಲಿ ಕೂರುತ್ತಿದ್ದಳು. ಆಟದ ಬಿಡುವಿಗೆ ಎಲ್ಲರೂ ಬಯಲಿಗೆ ಓಡಿದರೆ ಆಕೆ ಒಬ್ಬಳೇ ಉಳಿಯುತ್ತಿದ್ದಳು. ಒಂದು ದಿನ ನಾನು ಬರವಣಿಗೆ ತಿದ್ದುತ್ತಿದ್ದಾಗ ಹತ್ತಿರ ಬಂದು ನಿಂತು ಕೇಳಿದಳು. "ಸರ್, ತಮ್ಮ ನನ್ನಂಗಽ ಹುಟ್ಟಿದ್ರ ಅವನೂ ಒಳಗಽ ಇರತಾನಲ್ರಿ?"

"ಹಂಗ ಹುಟ್ಟಬಾರದವ್ವಾ."

"ಯಾಕ್ರಿ? ನಾ ನೋಡ್ಕೋತೀನಿ. ಕೈಗವಸ ಹೆಂಗ ಹಾಕೋದು ಕಲಸ್ತೀನಿ. ಒಳಗಽ ಆಡೂ ಆಟ ನನಗ ಭಾಳ ಬರತಾವ, ಯಾರೂ ಇಲ್ಲ ಆಡಾಕ." ದನಿ ತಗ್ಗಿಸಿದಳು. "ನಾ ದಿನಾ ಬೇಡ್ಕೊಳ್ಳಾಕತ್ತೀನ್ರಿ, ನನ್ನಂಗಽ ಮಾಡಪಾ ಅಂತ. ಆಯಿಗೆ ಹೇಳಬ್ಯಾಡ್ರಿ, ಹೊಡೀತಾಳ."

ಆಯಿ ಎಂದರೆ ಆಕೆಗೆ ಶೇಖರಮ್ಮ. ನಾನು ಹೇಳಲಿಲ್ಲ. ಹೇಳಿ ಏನು ಮಾಡುವುದಿತ್ತು? ಕತ್ತಲಾದ ಮೇಲೆ ಒಂದೇ ದೇವರ ಜಗಲಿಯ ಮುಂದೆ ಅಜ್ಜಿ ಮೊಮ್ಮಗಳು ಜೋಡಿಯಾಗಿ ಕೈ ಮುಗಿಯುವುದು ಅವರ ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ಯಾರ ಬೇಡಿಕೆ ಕೈಗೂಡಬೇಕು ಎಂಬುದು ಪ್ರಶ್ನೆಯೇ ಅಲ್ಲ, ಉತ್ತರ ಎಲ್ಲರಿಗೂ ಗೊತ್ತು. ಆದರೂ ಆ ಹುಡುಗಿಯ ಮುಖ ನೋಡಿ ನನಗೆ ಆ ಉತ್ತರ ಹೇಳಲು ನಾಲಗೆ ಏಳುತ್ತಿರಲಿಲ್ಲ.

ಗಂಡು ಕೂಸು ಹುಟ್ಟಿತು. ರಕ್ತ ತೆಗೆದು ಕಳಿಸಿದರು. ಬಾಣಂತಿಯನ್ನೂ ಕೂಸನ್ನೂ ಅನುಷಾಳ ಕೋಣೆಯಲ್ಲೇ ಇಟ್ಟರು, ಅದಕ್ಕಿಂತ ಕತ್ತಲೆಯ ಕೋಣೆ ಆ ಮನೆಯಲ್ಲಿ ಇರಲಿಲ್ಲ. ಕೂಸಿಗೆ ಬಿಸಿಲು ಕಾಸುವುದಿಲ್ಲವೇ ಎಂದು ಕೇಳಿದ ನೆರೆಹೊರೆಯವರನ್ನು ಶೇಖರಮ್ಮ ಕಚ್ಚಲು ಹೋದಳು.

ಆ ಕೆಲವು ವಾರ ಅನುಷಾಳಂಥ ಸುಖಿ ಯಲಬುರ್ಗಾದಲ್ಲಿ ಇನ್ನೊಬ್ಬರು ಇರಲಿಲ್ಲ. ಶಾಲೆ ಬಿಟ್ಟ ಕೂಡಲೇ ಓಡಿ ಬರುತ್ತಿದ್ದಳು. ತೊಟ್ಟಿಲು ತೂಗಿದ್ದೇ ತೂಗಿದ್ದು. ತನ್ನ ಹಳೆಯ ಮುಸುಕು ಕತ್ತರಿಸಿ ಅವ್ವನಿಂದ ಕೂಸಿನ ತಲೆಗೊಂದು ಕುಲಾಯಿ ಹೊಲಿಸಿದಳು. ಯಾವ ಬಾಗಿಲಿಂದ ಎಷ್ಟು ಹೊತ್ತಿಗೆ ಬೆಳಕು ಬರುತ್ತದೆ, ಎಲ್ಲಿ ಕೂತರೆ ತಾಗುವುದಿಲ್ಲ ಎಂದು ಕಣ್ಣು ಬಿಡದ ಕೂಸಿಗೆ ಪಾಠ ಹೇಳುವುದು ನನ್ನ ಮನೆಗೂ ಕೇಳಿಸುತ್ತಿತ್ತು. "ನಾವಿಬ್ರೂ ಇಲ್ಲೇ ಇರೋದು, ಹೆದರಬ್ಯಾಡ" ಎನ್ನುತ್ತಿದ್ದಳು. ಆ ಕೋಣೆಯಿಂದ ನಗು ಕೇಳಿದ್ದು ಅದೇ ಮೊದಲು.

ಒಂದು ಭಾನುವಾರ ಮಧ್ಯಾಹ್ನ. ನಾನು ಉಂಡು ಕಟ್ಟೆಯ ಮೇಲೆ ಕೂತಿದ್ದೆ. ದೊಡ್ಡಬಸಪ್ಪ ಕೊರಳಲ್ಲಿ ಟಿಕೆಟಿನ ಮಷೀನು ಜೋತಾಡುತ್ತಿದ್ದಂತೆಯೇ ಬಸ್ ಸ್ಟ್ಯಾಂಡಿನಿಂದ ಓಡಿ ಬಂದ. ಬಸ್ಸು, ಪ್ಯಾಸೆಂಜರು ಎಲ್ಲ ಅಲ್ಲೇ ಬಿಟ್ಟು ಬಂದಿದ್ದ. "ಅಕ್ಕಾ, ಡಾಕ್ಟರ್ ಫೋನ್ ಮಾಡಿದ್ರು! ಇಲ್ಲಂತ! ಅವಗ ಆ ಜಡ್ಡು ಇಲ್ಲಂತ!"

ಶೇಖರಮ್ಮ ಮೊದಲು ನೆಲಕ್ಕೆ ಕುಸಿದಳು. ಆಮೇಲೆ ಎದ್ದಳು. ಎಷ್ಟೋ ದಿನದಿಂದ ಕೇಳದ ಆ ಗಂಟಲು ಒಮ್ಮೆಲೇ ತೆರೆದು, "ಕೇಳ್ರೆಪಾ, ನನ್ನ ಮೊಮ್ಮಗ ಛಲೋ ಅದಾನ!" ಎಂದು ಓಣಿಗೆಲ್ಲ ಕೂಗಿದಳು. ಒಳಗೆ ನುಗ್ಗಿ, ಪರದೆ ಸರಿಸಿ, ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿ ಬಂದಳು. ಲಲಿತಾ ಬಾಣಂತಿ ಎಂಬುದನ್ನೂ ಮರೆತು ಹಿಂದೆಯೇ ಬಂದಳು. ಕುಲಾಯಿ ತೆಗೆದು ಕೂಸಿನ ಮುಖವನ್ನು ಮೇಲೆತ್ತಿದರು. ಅದು ಕಣ್ಣು ಕಿವುಚಿ ಒಂದು ಸೀನು ಸೀನಿತು. ನಾವೆಲ್ಲ ನಕ್ಕೆವು. ಎದುರುಮನೆಯ ಅಮೀನಾಬೀ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದಳು. ನನಗೆ ಅಳು ಬಂದಿತ್ತು, ನಗುವಿನಲ್ಲಿ ಯಾರಿಗೂ ಕಾಣಿಸಲಿಲ್ಲ.

"ಆಯಿ" ಎಂದು ಒಳಗಿನಿಂದ ದನಿ ಬಂತು. "ಅವನನ್ನ ಮತ್ತ ಒಳಗ ತರತೀರಿಲ್ಲ?"

ಶೇಖರಮ್ಮ ಕೂಸನ್ನು ಹಿಡಿದುಕೊಂಡೇ ತಿರುಗಿದಳು.

"ಆಯಿ, ಬಾಗಲಾ ಹಾಕ್ರಿ. ಬಿಸಿಲು ಒಳಗ ಬರಾಕತ್ತೈತಿ."

ಆಗ ನೋಡಿದೆವು. ಸಂತೋಷದಲ್ಲಿ ಬಾಗಿಲು ಹಾರು ಹೊಡೆದಿತ್ತು, ಪರದೆ ಕಿತ್ತು ಜೋತುಬಿದ್ದಿತ್ತು. ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿ, ಕೋಣೆಯ ಅರ್ಧದವರೆಗೆ ಹೋಗಿ, ಬರಿದಾದ ತೊಟ್ಟಿಲಿನ ಕೆಳಗೆ ಬಿದ್ದಿತ್ತು. ಅದರಾಚೆ ಗೋಡೆಗೆ ಬೆನ್ನು ಒತ್ತಿಕೊಂಡು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅನುಷಾ ನಿಂತಿದ್ದಳು. ಅವಳು ಹೀಗೆ ಹೆದರಿ ನಿಂತಿರುವಾಗ ನಾವು ಹೊರಗೆ ಸಕ್ಕರೆ ತಿನ್ನುತ್ತಿದ್ದೆವು.

ಶೇಖರಮ್ಮ ಕೂಸನ್ನು ಲಲಿತಾಳ ಕೈಗೆ ಕೊಟ್ಟು ಓಡಿದಳು. ಬಾಗಿಲು ಹಾಕಿಕೊಂಡಳು, ತಾನು ಒಳಗೇ ನಿಂತು.

ನಾವು ಅಂಗಳದ ಬಿಸಿಲಿನಲ್ಲಿ ಉಳಿದೆವು. ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ. ದೊಡ್ಡಬಸಪ್ಪ ಎರಡು ಸಲ ಬಾಗಿಲ ತನಕ ಹೋಗಿ ತಿರುಗಿ ಬಂದ. ಒಳಗೆ ಹೋಗಬೇಕೆಂದರೆ ಅದನ್ನು ಮತ್ತೆ ತೆರೆಯಬೇಕಿತ್ತು.